ನನ್ನ ದುಡ್ಡು ಯಾರಿಗೆ ಹೋಯ್ತು?

ಮೊನ್ನೆ ಭಾನುವಾರ ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದೆ, ಫೋನು ಟಿಣ್ ಎಂದಿತು. ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ಗುಂಪಿಗೆ ಬಂದದ್ದಲ್ಲ, ನೇರ ನನಗೇ ಬಂದದ್ದು. ನನಗಿಂತ ಎರಡು ವರ್ಷ ಮೊದಲು ಎಸ್ಸೆಸ್ಸೆಲ್ಸಿ ಮುಗಿಸಿದವರು, ಈಗ ಪುಣೆಯಲ್ಲಿದ್ದಾರೆ. 'ತಂಗಿ, ಮೂರು ವರ್ಷದಿಂದ ತಿಂಗಳಿಗೆ ಐನೂರು ಕಟ್ ಆಗ್ತಾ ಇದೆ. ಬೇಜಾರಿಲ್ಲ. ಆದ್ರೆ ನನ್ನ ದುಡ್ಡು ಯಾರಿಗೆ ಹೋಯ್ತು ಅಂತ ಒಂದ್ಸಲನೂ ಗೊತ್ತಾಗ್ಲಿಲ್ಲ. ಆ ಮಗು ಹೆಸರು, ಒಂದು ಫೋಟೋ ಕಳಿಸ್ತೀಯಾ?'

ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ, ನಾನು ಆ ಗುಂಪಿನ ಖಜಾಂಚಿ, ಶಾಲೆಗೆಂದು ಎಲ್ಲರೂ ಕೊಡುವ ದುಡ್ಡಿನ ಲೆಕ್ಕ ಕೊಡುವುದೇ ನನ್ನ ಕೆಲಸ. ಆದರೂ ಓದಿ ಮುಗಿಸುವಷ್ಟರಲ್ಲಿ ದೋಸೆ ಸೀದಿತ್ತು.

ನಮ್ಮದು ಉತ್ತರ ಕನ್ನಡದ ಘಟ್ಟದ ಮೇಲಿನ ಹಳ್ಳಿಯೊಂದರ ಹೈಸ್ಕೂಲು. ಎಂಟು, ಒಂಬತ್ತು, ಹತ್ತು, ಮೂರೇ ತರಗತಿ. ಖಾಸಗಿ ಶಾಲೆ. ಹೀಗೆಂದರೆ ಬೆಂಗಳೂರಿನ ನನ್ನ ಆಫೀಸಿನವರ ಕಣ್ಣಿಗೆ ಹಳದಿ ಬಸ್ಸು, ಈಜುಕೊಳ, ಟೈ ಕಟ್ಟಿದ ಮಕ್ಕಳು ಬರುತ್ತಾರೆ. ನಮ್ಮಲ್ಲಿ ಖಾಸಗಿ ಎಂದರೆ ಊರವರೇ ಸಮಿತಿ ಮಾಡಿಕೊಂಡು, ಊರವರೇ ಮಣ್ಣು ಹೊತ್ತು, ಹಂಚು ಹೊದಿಸಿ ಕಟ್ಟಿದ್ದು ಎಂದಷ್ಟೇ. ಶುರುವಾದದ್ದು 1996ರಲ್ಲಿ. ಆ ಒಂದು ವರ್ಷ ನಮ್ಮನ್ನು ಇಂದಿಗೂ ಕಾಡುತ್ತದೆ. 1995ರ ನಂತರ ಹುಟ್ಟಿದ ಕನ್ನಡ ಮಾಧ್ಯಮ ಶಾಲೆಗಳು ಅನುದಾನಕ್ಕಾಗಿ ಅರ್ಜಿ ಹಿಡಿದು ಓಡಾಡುತ್ತಲೇ ಇವೆ, ಆ ಸಾಲಿನಲ್ಲಿ ನಾವೂ ಒಬ್ಬರು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಬರುತ್ತದೆ, ಮಧ್ಯಾಹ್ನದ ಬಿಸಿಯೂಟ ಬರುತ್ತದೆ, 2006-07ರಿಂದ ಕೊರೊನಾದವರೆಗೆ ಎಂಟನೆಯ ತರಗತಿಗೆ ಸೈಕಲ್ಲೂ ಬಂತು. ಅದೇ ಊರಿನ, ಅದೇ ಬಡತನದ, ನಮ್ಮ ಶಾಲೆಯ ಮಗುವಿಗೆ ಇದ್ಯಾವುದೂ ಇಲ್ಲ. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಖಾಸಗಿ ಶಾಲೆಯ ಶೇ. 25 ಸೀಟಿಗೆ ಸರ್ಕಾರ ಫೀ ಕೊಡುತ್ತದಲ್ಲ ಎಂದು ಕೇಳುವವರಿದ್ದಾರೆ. ಆ ಶೇ. 25 ಸೀಟು ಒಂದನೆಯ ತರಗತಿಯ ಅಥವಾ ಅದಕ್ಕೂ ಕೆಳಗಿನ ಪ್ರವೇಶಕ್ಕೆ, ಹಕ್ಕು ಇರುವುದು ಎಂಟನೆಯ ತರಗತಿವರೆಗೆ. ನಮ್ಮ ಬಾಗಿಲು ತೆರೆಯುವುದೇ ಎಂಟರಲ್ಲಿ.

ಹಾಗಾದರೆ ಆ ಮಕ್ಕಳು ಸರ್ಕಾರಿ ಹೈಸ್ಕೂಲಿಗೇ ಹೋಗಬಹುದಲ್ಲ? ಹೋಗಬಹುದು. ಹನ್ನೊಂದು ಕಿಲೋಮೀಟರ್ ದೂರ, ನಡುವೆ ಮಳೆಗಾಲದಲ್ಲಿ ದಾಟಲಾಗದ ಹಳ್ಳ. ಶಾಲೆ ಹುಟ್ಟಿದ್ದೇ ಆ ಹಳ್ಳದಿಂದ ಎಂದು ಊರಲ್ಲಿ ಹೇಳುತ್ತಾರೆ.

ಮೊದಲ ವರ್ಷಗಳಲ್ಲಿ ಹಳೆ ವಿದ್ಯಾರ್ಥಿಗಳು ಎಂಬ ಜಾತಿಯೇ ಇರಲಿಲ್ಲ. ಶಾಲೆ ನಡೆದದ್ದು ವಂತಿಗೆಯ ಮೇಲೆ. ತೋಟವಿದ್ದವರು ಸೊಸೈಟಿಯಲ್ಲಿ ಅಡಿಕೆ ಹಾಕಿದಾಗ ಇಷ್ಟು ಎಂದು ಶಾಲೆಯ ಹೆಸರಿಗೆ ಬರೆಸುತ್ತಿದ್ದರು. ವರ್ಷಕ್ಕೊಂದು ಸಲ ಶಾಲೆಯ ಸಹಾಯಾರ್ಥ ಯಕ್ಷಗಾನ ಆಟ. ಮೇಳದವರಿಗೆ ವೀಳ್ಯ ಕೊಟ್ಟು, ಗದ್ದೆಯಲ್ಲಿ ರಂಗಸ್ಥಳ ಹಾಕಿ, ಟಿಕೆಟ್ ಮಾರಿ ಉಳಿದದ್ದರಲ್ಲಿ ಮಾಸ್ತರರ ಎರಡು ತಿಂಗಳ ಸಂಬಳ. ಒಂದು ವರ್ಷ ಅಕಾಲದ ಮಳೆ ಬಂದು ಆಟ ತೊಳೆದುಹೋಗಿ, ಆ ಸಾಲ ತೀರಿಸಲು ಇನ್ನೊಂದು ಆಟ ಆಡಿಸಿದರು. ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ರೈತ ನಾಯಕ ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಅಂಕೋಲೆಯ ಕಡೆ ಹೈಸ್ಕೂಲು ತೆರೆಯುತ್ತ ಹೋದಾಗ ಅವರ ಕಣ್ಣ ಮುಂದೆ ಇದ್ದದ್ದೂ ಗೇಣಿ ರೈತರ, ಕೂಲಿಗಳ ಮಕ್ಕಳೇ. ನಮ್ಮ ಸಮಿತಿಯವರಿಗೆ ಅಂಥ ನಾಯಕ ಸಿಗಲಿಲ್ಲ, ಅಡಿಕೆ ದರ ಮಾತ್ರ ಸಿಕ್ಕಿತ್ತು.

ನಾನು ಎಂಟನೆಯ ತರಗತಿಗೆ ಸೇರಿದ್ದು 1999ರ ಜೂನಿನಲ್ಲಿ. ಆ ಜೂನಿನ ವಿಷಯ ಹೇಳಬೇಕು, ಏಕೆಂದರೆ ಊರ ಹೊರಗಿನವರಿಗೆ ಇದು ಹೊಳೆಯುವುದಿಲ್ಲ. ನನ್ನ ಅಮ್ಮ ಅಡಿಕೆ ಸುಲಿಯುವವಳು. ದೀಪಾವಳಿ ಕಳೆದು ಅಡಿಕೆ ಗೊನೆಯ ಕೊಯ್ಲು ಶುರುವಾದರೆ ಸಂಕ್ರಾಂತಿ ದಾಟುವ ತನಕ ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿಯ ಮುಂದೆ. ಆಗ ಕೈಯಲ್ಲಿ ದುಡ್ಡು ಆಡುತ್ತಿತ್ತು. ಅಪ್ಪ ಮರ ಹತ್ತಿ ಕೊಳೆಮದ್ದು ಹೊಡೆಯುವವನು, ಮಳೆ ಹಿಡಿದು ಕೂತರೆ ಅವನಿಗೂ ಕೆಲಸವಿಲ್ಲ. ಶಾಲೆಯ ಫೀ ಕಟ್ಟುವುದು ಯಾವಾಗ? ಜೂನಿನಲ್ಲಿ. ಅಕ್ಕಿ ಡಬ್ಬಿಯ ತಳ ಕಾಣುವ ತಿಂಗಳೇ ಫೀ, ಪುಸ್ತಕ, ಛತ್ರಿ, ಯುನಿಫಾರ್ಮು ಎಲ್ಲ ಒಟ್ಟಿಗೆ ಬರುತ್ತವೆ. ಇದೇ ಫೀಯನ್ನು ಜನವರಿಯಲ್ಲಿ ಕೇಳಿದ್ದರೆ ಅಮ್ಮ ಸೊಂಟದ ಸಂಚಿಯಿಂದ ತೆಗೆದು ಕೊಡುತ್ತಿದ್ದಳೇನೋ.

ಅಮ್ಮ ಆಫೀಸಿನ ಬಾಗಿಲಲ್ಲಿ ನಿಂತು, 'ಗಣೇಶ ಚೌತಿ ಕಳ್ದ್ಮೇಲೆ ಕೊಡ್ತೆ' ಎಂದಳು. ಹೆಡ್‌ಮಾಸ್ತರು ಏನೂ ಹೇಳಲಿಲ್ಲ. ಮಾರನೆಯ ವಾರ ಕ್ಲಾರ್ಕು ಕರೆದು ನನ್ನ ಕೈಗೆ ರಸೀದಿ ಕೊಟ್ಟರು. ನನ್ನ ಹೆಸರು, ತರಗತಿ, ಮೊತ್ತ, 'ಪಾವತಿಯಾಗಿದೆ'. ಯಾರು ಕಟ್ಟಿದ್ದು ಎಂದು ಇರಲಿಲ್ಲ. ಅಮ್ಮ ಹೋಗಿ ಕೇಳಿದಳು. 'ಅದು ನಿಮಗ್ಯಾಕೆ, ಮಗಳಿಗೆ ಓದೂಕೆ ಹೇಳಿ' ಎಂದರಂತೆ. ಅಮ್ಮನಿಗೆ ಅದು ಸಮಾಧಾನವಾಗಲಿಲ್ಲ. 'ಯಾರಂತ ಗೊತ್ತಿದ್ರೆ ಒಂದು ಗೊನೆ ಬಾಳೆಹಣ್ಣಾದ್ರೂ ಕೊಡ್ಬಹುದಿತ್ತು' ಎಂದು ಈಗಲೂ ಅನ್ನುತ್ತಾಳೆ. ಮೂರು ವರ್ಷವೂ ಹಾಗೆಯೇ ರಸೀದಿ ಬಂತು. ಕಟ್ಟಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಮೂರು ವರ್ಷ ಊರಿನ ಯಾವ ದೊಡ್ಡವರ ಮನೆ ಮುಂದೆ ಹಾದುಹೋಗುವಾಗಲೂ ನಾನು ತಲೆ ತಗ್ಗಿಸಲಿಲ್ಲ, ತಗ್ಗಿಸಬೇಕಾದದ್ದು ಯಾರ ಮುಂದೆ ಎಂಬುದೇ ತಿಳಿದಿರಲಿಲ್ಲ.

ಇದರ ಪಕ್ಕದಲ್ಲೇ ಇನ್ನೊಂದಿದೆ. ಒಂಬತ್ತನೆಯ ತರಗತಿಯ ಆಗಸ್ಟ್ 15. ಪೇಟೆಯ ದಾನಿಯೊಬ್ಬರು ಬಡ ಮಕ್ಕಳಿಗೆ ಯುನಿಫಾರ್ಮಿನ ಬಟ್ಟೆ ಕೊಡುತ್ತಾರೆಂದು ಹನ್ನೊಂದು ಜನರ ಹೆಸರನ್ನು ಮೈಕಿನಲ್ಲಿ ಕೂಗಿದರು. ಒಬ್ಬೊಬ್ಬರಾಗಿ ವೇದಿಕೆಗೆ ಹೋಗಿ, ಬಟ್ಟೆ ತೆಗೆದುಕೊಂಡು, ಕಾಲಿಗೆ ನಮಸ್ಕಾರ ಮಾಡಿ, ಫೋಟೋಗೆ ನಿಂತು ಬರಬೇಕು. ಬಟ್ಟೆ ಒಳ್ಳೆಯದೇ. ಆದರೆ ಥಾನು ತಂದ ಅಂಗಡಿ ಬೇರೆ, ಅದರ ನೀಲಿ ಬೇರೆ. ಉಳಿದವರದು ತುಸು ಬೂದಿ ಕಲಸಿದ ನೀಲಿ, ನಮ್ಮದು ನವಿಲಿನ ಕುತ್ತಿಗೆಯಂಥ ನೀಲಿ. ಇಡೀ ವರ್ಷ, ಪ್ರಾರ್ಥನೆಯ ಸಾಲಿನಲ್ಲಿ ದೂರದಿಂದಲೇ ಎಣಿಸಬಹುದಿತ್ತು, ಹನ್ನೊಂದು ಲಂಗ. ಯಾರೂ ಕೀಟಲೆ ಮಾಡಲಿಲ್ಲ. ಮಾಡಿದ್ದರೆ ತಿರುಗಿ ಬೈಯಬಹುದಿತ್ತು.

ನಮ್ಮ ಅಜ್ಜನ ವಯಸ್ಸಿನವರಿಗೆ ಇದಕ್ಕಿಂತ ಹೆಚ್ಚಿನದು ಗೊತ್ತು. ವಾರಾನ್ನ ಮಾಡಿ ಓದಿದವರು ನಮ್ಮ ಊರಲ್ಲಿ ಇನ್ನೂ ಒಬ್ಬರಿದ್ದಾರೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಗುರುವಾರದ ಮನೆಯಾಕೆ ಅನ್ನ ಬಡಿಸುವಾಗ ಸೌಟು ಪಾತ್ರೆಗೆ ಬಡಿಯುತ್ತಿದ್ದ ಸದ್ದು ತೊಂಬತ್ತರ ಹೊಸ್ತಿಲಲ್ಲೂ ಅವರಿಗೆ ಮರೆತಿಲ್ಲ. ಬಡಿಸಿದ್ದೇನು ಎಂಬುದು ಮರೆತಿದೆ. ಕೊಟ್ಟವರ ಮುಖವನ್ನು ದಿನಾ ನೋಡಿಕೊಂಡು ಉಣ್ಣುವುದರ ಕಷ್ಟ ಅದು. ಮುಂದೆ ಮಠಗಳ, ಸಮಾಜಗಳ ಉಚಿತ ಪ್ರಸಾದನಿಲಯಗಳು, ಹಾಸ್ಟೆಲುಗಳು ಬಂದು ಈ ನಾಡಿನ ಎಷ್ಟೋ ಮಕ್ಕಳನ್ನು ಆ ಜಗುಲಿಯಿಂದ ಎಬ್ಬಿಸಿ ಪಂಕ್ತಿಯಲ್ಲಿ ಕೂರಿಸಿದವು. ಪಂಕ್ತಿಯಲ್ಲಿ ಯಾರ ಎಲೆಯ ಅನ್ನ ಯಾರ ಭತ್ತದ್ದೆಂದು ಯಾರೂ ಕೇಳುವುದಿಲ್ಲ.

ನಮ್ಮ ಗುಂಪು ಶುರುವಾದದ್ದು 2015ರಲ್ಲಿ. ಮೊದಲೆರಡು ವರ್ಷ ಹುಟ್ಟುಹಬ್ಬದ ಕೇಕು ಮತ್ತು ಶುಭೋದಯ. ಆಮೇಲೆ ಶಾಲೆಗೆ ಏನಾದರೂ ಮಾಡೋಣ ಎಂದಾಯಿತು, ಮಾಡೋಣ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬಂದದ್ದು ಸ್ವಾಗತ ಕಮಾನು. ಸಿಮೆಂಟಿನ ಕಮಾನು, ಮೇಲೆ ಸರಸ್ವತಿ, ಕೆಳಗೆ ಗ್ರಾನೈಟ್ ಕಲ್ಲಿನಲ್ಲಿ ಕೊಟ್ಟವರ ಹೆಸರು, ಹೆಚ್ಚು ಕೊಟ್ಟವರದು ಮೇಲೆ. ಮೂರು ವಾರದಲ್ಲಿ ದುಡ್ಡು ಕೂಡಿತು. ಅದೇ ವರ್ಷ ಗಣಿತಕ್ಕೆ ಮಾಸ್ತರಿಲ್ಲದೆ ಎಸ್ಸೆಸ್ಸೆಲ್ಸಿಯ ಒಂಬತ್ತು ಮಕ್ಕಳು ಗಣಿತದಲ್ಲೇ ಫೇಲಾಗಿ ಕೂತರು. ಕಮಾನಿನ ಬಗ್ಗೆ ನಾನು ಇಷ್ಟು ಕಟುವಾಗಿ ಬರೆಯಬಾರದೇನೋ. ಅದರ ಕಲ್ಲಿನಲ್ಲಿ ನನ್ನ ಹೆಸರೂ ಇದೆ, ಕೆಳಗಿನಿಂದ ನಾಲ್ಕನೆಯದು.

ದತ್ತಿ ಬಹುಮಾನದ ಕಥೆಯೂ ಇಂಥದ್ದೇ. ಅಪ್ಪನ ಹೆಸರಿನಲ್ಲಿ, ಅಜ್ಜಿಯ ಹೆಸರಿನಲ್ಲಿ ಐದು ಸಾವಿರ ಇಡುಗಂಟು ಇಟ್ಟು, ಅದರ ಬಡ್ಡಿಯಲ್ಲಿ ಕನ್ನಡಕ್ಕೆ ಹೆಚ್ಚು ಅಂಕ ಪಡೆದವರಿಗೆ ಮುನ್ನೂರು ರೂಪಾಯಿ, ವಿಜ್ಞಾನಕ್ಕೆ ಮುನ್ನೂರು. ಒಂದು ಗ್ಯಾದರಿಂಗಿನಲ್ಲಿ, ಎಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ, ಒಬ್ಬಳೇ ಹುಡುಗಿ ಏಳು ದತ್ತಿ ಬಹುಮಾನ ತೆಗೆದುಕೊಂಡಳು. ಜಾಣೆ, ಅವಳ ತಂದೆಗೆ ಆರು ಎಕರೆ ಬಾಗಾಯತು. ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆಯುತ್ತಿದ್ದವರಲ್ಲಿ ಬಸ್ ಪಾಸಿಗೆ ದುಡ್ಡಿಲ್ಲದವರು ಇದ್ದರು. ಅಂಕ ನೋಡಿ ಕೊಡುವ ದುಡ್ಡು ಹೆಚ್ಚಾಗಿ ಆಗಲೇ ದಡ ಸೇರಿದವರಿಗೆ ಹೋಗುತ್ತದೆ.

ಖಜಾಂಚಿ ಕೆಲಸ ನನ್ನ ಪಾಲಿಗೆ ಬಂದದ್ದು ಬೇರೆ ಯಾರೂ ಒಪ್ಪದ್ದಕ್ಕೆ. ಹೊಟ್ಟೆಪಾಡಿಗೆ ಲೆಕ್ಕ ಬರೆಯುವವಳು ನಾನು, ಸುಮ್ಮನೆ ಒಂದು ಹಾಳೆಯಲ್ಲಿ ಗುಣಿಸಿ ತೋರಿಸಿದೆ. ಐದು ಲಕ್ಷ ಇಡುಗಂಟು ಇಟ್ಟರೆ ಶೇ. 7ರಂತೆ ವರ್ಷಕ್ಕೆ 35,000. ಒಬ್ಬ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000 ಎಂದರೂ ಹತ್ತು ತಿಂಗಳಿಗೆ 1,20,000. ಇಡುಗಂಟಿನ ಬಡ್ಡಿ ಮೂರು ತಿಂಗಳಿಗೂ ಸಾಲದು. ಅದೇ 64 ಜನ ತಿಂಗಳಿಗೆ 500 ಕೊಟ್ಟರೆ ವರ್ಷಕ್ಕೆ 3,84,000, ಮೂವರು ಶಿಕ್ಷಕರು ಆಗುತ್ತಾರೆ, ಕೈಯಲ್ಲಿ ಚೂರು ಉಳಿಯುತ್ತದೆ. ಗುಂಪಿನಲ್ಲಿ ಎರಡು ದಿನ ಮೌನ. ಒಮ್ಮೆಗೇ ಹತ್ತು ಸಾವಿರ ಕೊಡುವುದು ಸುಲಭ, ಫೋಟೋಗೂ ಚೆಂದ. ತಿಂಗಳು ತಿಂಗಳು ಐನೂರು ಕಟ್ ಆಗುವುದರಲ್ಲಿ ಯಾವ ಸಂಭ್ರಮವೂ ಇಲ್ಲ, ಕೊಟ್ಟವರಿಗೇ ಮರೆತುಹೋಗುತ್ತದೆ. ನನಗೆ ಬೇಕಾದದ್ದು ಆ ಮರೆವೇ ಆಗಿತ್ತು. ಕೊನೆಗೆ ನಲವತ್ತೊಂದು ಜನ ಒಪ್ಪಿದರು, ಈಗ ಐವತ್ತೆಂಟು. ಶಿಕ್ಷಣತಜ್ಞ ಎಚ್. ನರಸಿಂಹಯ್ಯನವರು ತಾವು ಓದಿದ ಬೆಂಗಳೂರಿನ ನ್ಯಾಷನಲ್ ಶಿಕ್ಷಣ ಸಂಸ್ಥೆಗೆ ಇಡೀ ಬದುಕನ್ನೇ ಕೊಟ್ಟು, ವೈಸ್ ಚಾನ್ಸಲರ್ ಆದಮೇಲೂ ಹಾಸ್ಟೆಲಿನ ಕೋಣೆಯಲ್ಲೇ ಇದ್ದರು ಎಂದು ಯಾರೋ ಹುರುಪಿನಲ್ಲಿ ಬರೆದರು. ಅವತ್ತು ಇಬ್ಬರು ಗುಂಪು ಬಿಟ್ಟರು.

ದುಡ್ಡು ಎಲ್ಲೆಲ್ಲಿಗೆ ಹೋಗುತ್ತದೆಂದು ಕೇಳಿದರೆ ಹೇಳಲು ಏನೂ ಸ್ವಾರಸ್ಯವಿಲ್ಲ. ಗಣಿತ, ವಿಜ್ಞಾನ, ಇಂಗ್ಲಿಷಿನ ಅತಿಥಿ ಶಿಕ್ಷಕರು. ಜೂನಿನ ಫೀ ಕಟ್ಟಲಾಗದವರ ಫೀ. ಎಸ್ಸೆಸ್ಸೆಲ್ಸಿ ಪರೀಕ್ಷಾ ಶುಲ್ಕ. ಕನ್ನಡಕ: ಬೋರ್ಡು ಕಾಣದೆ 'ದಡ್ಡ' ಎನಿಸಿಕೊಂಡ ಇಬ್ಬರು ಹುಡುಗರು ಕನ್ನಡಕ ಬಂದ ಮೇಲೆ ಪಾಸಾದರು, ನನ್ನ ಲೆಕ್ಕದ ಪುಸ್ತಕದಲ್ಲೇ ಅಗ್ಗದ ಪವಾಡ ಅದು. ಬಸ್ ಪಾಸಿನ ಖಾನೆ 2023ರ ಜೂನಿನಲ್ಲಿ ತಟ್ಟನೆ ಅರ್ಧಕ್ಕಿಳಿಯಿತು, ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡೇ ಬೇಡವಾಯಿತು. ಈಗ ಪಾಸು ಗಂಡುಮಕ್ಕಳದು ಮಾತ್ರ. ಉಳಿದ ದುಡ್ಡಿನಲ್ಲಿ ಮಧ್ಯಾಹ್ನ ಬುತ್ತಿ ತರದವರಿಗೆ ಗಂಜಿ ಶುರುಮಾಡಿದೆವು. ಬುತ್ತಿ ತಂದವರೂ ಬಂದು ಕುಡಿಯುತ್ತಾರೆ. ಕುಡಿಯಲಿ ಎಂದು ಅಕ್ಕೋರು, ಅಂದರೆ ಶಾಲೆಯ ಟೀಚರು, ಹೇಳಿದರು, ಎಲ್ಲರೂ ಕುಡಿದರೆ ಯಾರು ತರಲಿಲ್ಲ ಎಂಬುದು ಕಾಣುವುದಿಲ್ಲ. ಅಕ್ಕೋರಿಗೆ ನನ್ನ ಲಂಗದ ಕಥೆ ಗೊತ್ತಿರಲಿಲ್ಲ.

ಕಾಗದಪತ್ರದ ಕಾಟ ಬೇರೆ. ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗಲೆಂದು ಸಮಿತಿಗೆ 80ಜಿ ಮಾಡಿಸಲು ಒಂದು ವರ್ಷ ತಿರುಗಿದೆ. ಮಾಡಿಸಿ ಮುಗಿಯುವಷ್ಟರಲ್ಲಿ ನಮ್ಮವರು ಬಹುಪಾಲು ಹೊಸ ತೆರಿಗೆ ಪದ್ಧತಿಗೆ ಹೋಗಿದ್ದರು, ಅದರಲ್ಲಿ ಆ ವಿನಾಯಿತಿಯೇ ಇಲ್ಲ. ಆದರೂ ಮಾರ್ಚ್ ಬಂದರೆ ಎಲ್ಲರಿಗೂ ರಸೀದಿ ಬೇಕು. ನಗದು ಎರಡು ಸಾವಿರ ದಾಟಿದರೆ ವಿನಾಯಿತಿ ಸಿಗದೆಂದು ಹೇಳಿದರೂ ಊರಿನ ಹಿರಿಯರೊಬ್ಬರು ಐದು ಸಾವಿರವನ್ನು ನೋಟಿನಲ್ಲೇ ತಂದು ಕೊಡುತ್ತಾರೆ. ತೆರಿಗೆಯ ಮಾತೆತ್ತಿದರೆ ನಗುತ್ತಾರೆ.

ನನ್ನ ಬ್ಯಾಚಿನವನೊಬ್ಬ ಇಂಗ್ಲೆಂಡಿನಲ್ಲಿದ್ದಾನೆ. ಭಾರತದ ಪಾಸ್‌ಪೋರ್ಟ್ ಇರುವ ತನಕ ಅವನ ಸಂಬಳದ ದುಡ್ಡು ಬ್ಯಾಂಕಿನ ಮೂಲಕ ಸಲೀಸಾಗಿ ಬರುತ್ತಿತ್ತು. ಅಲ್ಲಿಯ ಪೌರತ್ವ ತೆಗೆದುಕೊಂಡ ದಿನದಿಂದ ಅವನ ಐನೂರು ರೂಪಾಯಿ 'ವಿದೇಶಿ ದೇಣಿಗೆ'. ಭಾರತ ಮೂಲದವರಿಗೆ ಸರ್ಕಾರ ಕೊಡುವ ಓಸಿಐ ಕಾರ್ಡು ಇದ್ದರೂ ಅಷ್ಟೇ. 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಬೇಕು, ದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಹಂಚಿನ ಶಾಲೆಗೆ ದಿಲ್ಲಿಯ ಖಾತೆ! ನಾನು ಅವನ ದುಡ್ಡು ಬೇಡವೆಂದೆ. ಅವನಿಗೆ ಕೋಪ ಬಂದು ಒಂದು ತಿಂಗಳು ಮಾತಾಡಲಿಲ್ಲ.

ಮಾತಾಡಿದಾಗ ಅವನ ಮನೆಯ ಹತ್ತಿರದ ಶಾಲೆಯೊಂದರ ಕಥೆ ಹೇಳಿದ. ಹಾರ್ಶಮ್ ಎಂಬ ಊರಿನ ಪಕ್ಕದ ಕ್ರೈಸ್ಟ್ಸ್ ಹಾಸ್ಪಿಟಲ್. ಹೆಸರು ಆಸ್ಪತ್ರೆ, ಇರುವುದು ಶಾಲೆ. 1552ರಲ್ಲಿ ಆರನೆಯ ಎಡ್ವರ್ಡ್ ರಾಜನ ಕಾಲದಲ್ಲಿ ಲಂಡನ್ನಿನ ಬಡ ಮಕ್ಕಳಿಗೆಂದು ಶುರುವಾಗಿ 1902ರಲ್ಲಿ ಇಲ್ಲಿಗೆ ಬಂತು. ಮಕ್ಕಳು ಇಂದಿಗೂ ಕಾಲ್ಗಂಟಿನವರೆಗಿನ ನೀಲಿ ಕೋಟು, ಹಳದಿ ಕಾಲುಚೀಲ ಹಾಕುತ್ತಾರೆ. ತಂದೆತಾಯಿಯ ಆದಾಯ ನೋಡಿ ಫೀ, ಏನೂ ಇಲ್ಲದವರಿಗೆ ಏನೂ ಇಲ್ಲ. ಹಳಬರ ದೇಣಿಗೆಯಿಂದ ಹೊಸಬರ ಓದು. ಖಾಸಗಿ ಶಾಲೆಯ ಫೀ ಮೇಲೆ 2025ರ ಜನವರಿಯಿಂದ ಅಲ್ಲಿ ಶೇ. 20 ವ್ಯಾಟ್ ಬಿದ್ದಿರುವಾಗ ಇಂಥ ದುಡ್ಡಿನ ತೂಕ ಇನ್ನೂ ಹೆಚ್ಚು. ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟರೆ ಸರ್ಕಾರದ ಲೆಕ್ಕದಿಂದ 25 ಪೆನ್ಸ್ ಸೇರುತ್ತದಂತೆ, ಅದು ಸೇರುವುದು ಸಂಸ್ಥೆಗೆ. ನಮ್ಮ 80ಜಿಯಲ್ಲಿ ಲಾಭ ಕೊಟ್ಟವರ ಜೇಬಿಗೆ. ಈ ವ್ಯತ್ಯಾಸ ಕೇಳಿ ಲೆಕ್ಕದವಳಾದ ನನಗೆ ಹೊಟ್ಟೆಕಿಚ್ಚಾಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಸಂಗತಿ. ಒಂದು, ಆ ಕೋಟು. ಉಚಿತವಾಗಿ ಓದುವವರಿಗೂ ಪೂರ್ತಿ ಫೀ ಕಟ್ಟುವವರಿಗೂ ಒಂದೇ ನೀಲಿ. ಇನ್ನೊಂದು, ಶಾಲೆ ಬಿಟ್ಟು ಹೋಗುವ ಮಕ್ಕಳಿಗೆ ಬೈಬಲ್ ಕೊಟ್ಟು ಒಂದು ಆದೇಶ ಓದುತ್ತಾರೆ: ಇಲ್ಲಿ ಪಡೆದ ಉಪಕಾರವನ್ನು ಮರೆಯಬೇಡ, ಮುಂದೆ ನಿನ್ನ ಶಕ್ತಿಯಿದ್ದಷ್ಟು ಮಾಡಿ ಬೇರೆಯವರಿಗೂ ಇದು ಸಿಗುವಂತೆ ಮಾಡು ಎಂಬ ಅರ್ಥದ್ದು. ಗೆಳೆಯನಿಗೆ ಇದು ಬಹಳ ದೊಡ್ಡದಾಗಿ ಕಂಡಿದೆ, ನಮ್ಮ ಬೀಳ್ಕೊಡುಗೆಯಲ್ಲೂ ಮಾಡೋಣ ಎಂದ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೀಸೆ ಮೂಡುವ ಮುಂಚೆ ಋಣಪತ್ರಕ್ಕೆ ಸಹಿ ಹಾಕಿಸಿಕೊಂಡಂತೆ. ನನಗೆ ಹೆಡ್‌ಮಾಸ್ತರು ಅಂಥದ್ದೇನೂ ಹೇಳಲಿಲ್ಲ, ಹೇಳಿದ್ದರೆ ನಾನು ಈ ಕೆಲಸ ಮಾಡುತ್ತಿದ್ದೆನೋ ಇಲ್ಲವೋ. ಆದರೂ ಆ ಶಾಲೆಯವರು ಋಣವನ್ನು ಕೊಟ್ಟವರ ಕಡೆ ತಿರುಗಿಸದೆ ಮುಂದೆ ಬರುವ ಮಗುವಿನ ಕಡೆ ತಿರುಗಿಸಿದ್ದಾರಲ್ಲ, ಅದು ನನಗೆ ಹಿಡಿಸಿತು.

ಇಷ್ಟೆಲ್ಲ ಬರೆಯುವ ನಾನೇ ಒಂದು ಕೆಲಸ ಮಾಡಿದ್ದೇನೆ, ಅದನ್ನೂ ಬರೆಯಬೇಕು. ಎರಡನೆಯ ಲಾಕ್‌ಡೌನ್ ಮುಗಿದ ವರ್ಷ. ಕೆಲಸ ಹೋದವರು ಕಂತು ನಿಲ್ಲಿಸಿದ್ದರು. ಖಾತೆಯಲ್ಲಿ ಒಂದೂವರೆ ತಿಂಗಳ ಸಂಬಳಕ್ಕಷ್ಟೇ ದುಡ್ಡು. ಮನವಿ ಬರೆದೆ, ಯಾರೂ ಓದಲಿಲ್ಲ. ಮತ್ತೊಂದು ಬರೆದೆ, ನಾಲ್ಕು ಕೈಮುಗಿಯುವ ಚಿಹ್ನೆ. ಆಗ ಶಾಲೆಯ ಕ್ಲಾರ್ಕಿಗೆ ಹೇಳಿ ಒಬ್ಬ ಹುಡುಗಿಯ ಫೋಟೋ ತರಿಸಿದೆ. ತಂದೆ ಇಲ್ಲದ ಮಗು. ಶಾಲೆಯ ಕಟ್ಟೆಯ ಮೇಲೆ, ಕೈಯಲ್ಲಿ ಹೊಸ ಬ್ಯಾಗು. ಗುಂಪಿಗೆ ಹಾಕಿ ಎರಡು ಸಾಲು ಬರೆದೆ. ಸಂಜೆಯೊಳಗೆ ನಲವತ್ತಾರು ಸಾವಿರ ಬಂತು. 'ಪಾಪ', 'ಮುದ್ದು', 'ದೇವರು ಒಳ್ಳೇದು ಮಾಡಲಿ'. ರಾತ್ರಿ ಮಲಗುವ ಮುಂಚೆ ಫೋಟೋವನ್ನು ಇನ್ನೊಮ್ಮೆ ತೆರೆದೆ. ಹುಡುಗಿ ಕ್ಯಾಮೆರಾ ನೋಡುತ್ತಿರಲಿಲ್ಲ, ತನ್ನ ಕಾಲ್ಬೆರಳು ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು.

ಅಳಿಸಿದೆ. ಅಷ್ಟರಲ್ಲಿ ಅದು ಇನ್ನೆಷ್ಟು ಗುಂಪಿಗೆ ಹೋಗಿತ್ತೋ. ಮುಂದಿನ ಗ್ಯಾದರಿಂಗಿಗೆ ಹೋದಾಗ ಒಬ್ಬರು ಅವಳನ್ನು ಗುರುತಿಸಿ, 'ನೀನೇ ಅಲ್ವಾ ಆ ಬ್ಯಾಗಿನ ಹುಡುಗಿ' ಎಂದು ತಲೆ ಸವರಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಆಮೇಲೆ ಶಾಲೆಯಿಂದ ನನಗೆ ಬರುವ ಪಟ್ಟಿಯಲ್ಲಿ ಹೆಸರಿಲ್ಲ. 'ಎಂಟನೆಯ ತರಗತಿ: ಫೀ 6, ಪಾಸು 4, ಕನ್ನಡಕ 1.' ಯಾರು ಎಂದು ಹೆಡ್‌ಮಾಸ್ತರಿಗೂ ಕ್ಲಾರ್ಕಿಗೂ ಗೊತ್ತು, ಅಷ್ಟು ಸಾಕು. ಸುಳ್ಳು ಬರೆದು ತಿನ್ನಬಹುದಲ್ಲ ಎಂದರೆ ತಿನ್ನಬಹುದು. ಅದಕ್ಕೆ ವರ್ಷಕ್ಕೆರಡು ಸಲ ನಮ್ಮಲ್ಲಿ ಇಬ್ಬರು ಹೋಗಿ ಫೀ ಪುಸ್ತಕ, ಹಾಜರಿ ಪುಸ್ತಕ ತಾಳೆ ನೋಡುತ್ತಾರೆ, ನೋಡಿದ್ದನ್ನು ಹೊರಗೆ ಹೇಳುವುದಿಲ್ಲ. ಈ ವ್ಯವಸ್ಥೆಗೆ ಬೆಲೆಯೂ ತೆರುತ್ತಿದ್ದೇವೆ. ಹೆಸರಿಲ್ಲದ, ಮುಖವಿಲ್ಲದ ಪಟ್ಟಿಗೆ ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಹೋದ ವರ್ಷ ಒಂಬತ್ತು ಜನ ಕಂತು ನಿಲ್ಲಿಸಿದರು, ಸೇರಿದವರು ಐದು. ಅದೇ ವರ್ಷ ಪೇಟೆಯ ಕಾನ್ವೆಂಟಿನ ವ್ಯಾನು ನಮ್ಮೂರ ಕ್ರಾಸಿನವರೆಗೆ ಬರತೊಡಗಿತು, ಶಾಲೆಯಲ್ಲೀಗ ಒಟ್ಟು 71 ಮಕ್ಕಳು.

ಪುಣೆಯ ಅಣ್ಣನಿಗೆ ಉತ್ತರ ಬರೆಯಲು ಮಧ್ಯಾಹ್ನವಾಯಿತು. ಮೂರು ಸಲ ಬರೆದು ಅಳಿಸಿದೆ. ಕೊನೆಗೆ ಇಷ್ಟು ಕಳಿಸಿದೆ: 'ಅಣ್ಣ, ಮೂರು ವರ್ಷದಲ್ಲಿ ನಿಮ್ಮದು ಹದಿನೆಂಟು ಸಾವಿರ. ಅದು ಒಂದೇ ಮಗುವಿಗೆ ಹೋಗಿಲ್ಲ. ಹೆಚ್ಚಿನದು ಗಣಿತದ ಮೇಡಮ್ಮಿನ ಸಂಬಳಕ್ಕೆ, ಸ್ವಲ್ಪ ಪಾಸಿಗೆ, ಸ್ವಲ್ಪ ಗಂಜಿಗೆ. ಹೋದ ವರ್ಷ ಗಣಿತದಲ್ಲಿ ಯಾರೂ ಕೂರಲಿಲ್ಲ. ಲೆಕ್ಕದ ಹಾಳೆ ಜೊತೆಗಿದೆ. ಫೋಟೋ ಕಳಿಸೂಕೆ ಆಗೂದಿಲ್ಲ, ಊರಿಗೆ ಬಂದಾಗ ಶಾಲೆಗೆ ಬನ್ನಿ, ಎಲ್ಲರ ಜೊತೆ ಗಂಜಿ ಕುಡೀರಿ.'

ನೀಲಿ ಗೆರೆ ಎರಡೂ ಬಿದ್ದವು. ಓದಿದ್ದಾರೆ, ಉತ್ತರವಿಲ್ಲ. ಅವರ ಕಂತು ಪ್ರತಿ ತಿಂಗಳು ಐದನೆಯ ತಾರೀಖಿಗೆ ಬರುತ್ತದೆ. ಇನ್ನೂ ಒಂಬತ್ತು ದಿನ ಇದೆ.